ಉಣಕಲ್ಲಿನ ಕಟ್ಟೆಯ ಮೇಲೆ ಬೆಲ್ಜಿಯಂ ಜನರಲ್

ಇಂದು ಬೆಳಿಗ್ಗೆ ಅಂಚೆಯವನು ಹಿಮ ಸುರಿಯುವ ಚಿತ್ರದ ಹೊಸವರ್ಷದ ಕಾರ್ಡೊಂದನ್ನು ತಪ್ಪಿ ನಮ್ಮ ಮನೆಗೆ ಹಾಕಿದ. ಕೂಡಲೇ ಪಕ್ಕದ ಮನೆಗೆ ಮುಟ್ಟಿಸುವುದು ಸಜ್ಜನರ ಲಕ್ಷಣ. ನಾನು ಅರ್ಧ ಗಂಟೆ ಅದನ್ನು ಹಿಡಿದು ಕೂತೆ. ಇಂಥ ಕಾರ್ಡುಗಳ ಆಧಾರದಿಂದಲೇ ನಮ್ಮೂರು ಉಣಕಲ್ಲಿನಲ್ಲಿ ಒಬ್ಬ ಬೆಲ್ಜಿಯಂ ಜನರಲ್ಲರ ಚರಿತ್ರೆ ರಚನೆಯಾಗಿತ್ತೆಂದರೆ ನೀವು ನಂಬಲಿಕ್ಕಿಲ್ಲ.

ಚರಿತ್ರೆಕಾರರು ನಮ್ಮ ಓಣಿಯ ಚನ್ನಬಸಪ್ಪ ಕಾಕಾ. ಮೊದಲ ಮಹಾಯುದ್ಧದಲ್ಲಿ ಹೇಸರಗತ್ತೆಯ ಗಾಡಿ ಹೊಡೆಯಲು ಬೆಲ್ಜಿಯಂವರೆಗೆ ಹೋಗಿ ಬಂದವರು. ಬಂದಮೇಲೆ ಮಠದ ಕಟ್ಟೆಯಲ್ಲಿ ಪುರಾಣ ಓದುವವರು. ಅಲ್ಲಿ ಇವರ ಗಾಡಿ ಕೆಸರಿನಲ್ಲಿ ಹೂತಾಗ ಆ ದೇಶದ ಒಬ್ಬ ಕ್ಯಾಪ್ಟನ್ ಗಾಲಿಗೆ ಹೆಗಲು ಕೊಟ್ಟನಂತೆ. "ನಮ್ಮ ಸಾಹೇಬ ಮ್ಯಾಲ ಕುಂತು ಬೈತಿದ್ದ, ಅವರ ಸಾಹೇಬ ಕೆಳಗ ನಿಂತು ನೂಕತಿದ್ದ," ಎನ್ನುತ್ತಿದ್ದರು ಕಾಕಾ.

ಅಂದಿನಿಂದ ಆ ಕ್ಯಾಪ್ಟನ್‌ನಿಂದ ಹೊಸವರ್ಷಕ್ಕೊಂದು ಕಾರ್ಡು. ಅಕ್ಷರ ಅದೇ, ಸಹಿಯ ಕೆಳಗಿನ ಹುದ್ದೆ ಮಾತ್ರ ಬೆಳೆಯುತ್ತಿತ್ತು: ಮೇಜರ್, ಕರ್ನಲ್, ಕಡೆಗೆ ಜನರಲ್. ಹೆಸರನ್ನು ಉಚ್ಚರಿಸಲು ನಮ್ಮ ಹಲ್ಲುಗಳು ಒಪ್ಪದ್ದರಿಂದ 'ಜನರಲ್ ಸಾಹೇಬರು' ಎಂದಷ್ಟೇ ಕರೆಯುತ್ತಿದ್ದೆವು. ಇಂಗ್ಲಿಷ್ ಓದಿ ಹೇಳುವ ಮಹಾಸೇವೆ ನನ್ನದು. ನಾನಾಗ ಬಿ.ಎ. ಮುಗಿಸಿ ಇತಿಹಾಸ ಕಲಿಸತೊಡಗಿದ್ದೆ; ಜಗತ್ತಿನಲ್ಲಿ ನನಗೆ ತಿಳಿಯದ್ದು ಏನೂ ಉಳಿದಿರಲಿಲ್ಲ.

ಎರಡನೆಯ ಯುದ್ಧದಲ್ಲಿ ಜರ್ಮನರು ಬೆಲ್ಜಿಯಂಗೆ ನುಗ್ಗಿದ ಬೇಸಿಗೆಯಲ್ಲಿ ಕಾಕಾ ಪುರಾಣದ ಗ್ರಂಥ ಬದಿಗಿಟ್ಟರು. ಪ್ರತಿ ಸಂಜೆ ಕಟ್ಟೆಯ ಮೇಲೆ ಜನರಲ್ ಸಾಹೇಬರ ಚರಿತ್ರೆ ಶುರುವಾಯಿತು. ಬ್ರೆಡ್ ಸುಡುವವನ ಮಗ. ಸಾದಾ ಸಿಪಾಯಿಯಾಗಿ ಸೇರಿದವನು. ಎರಡು ಸಲ ಗುಂಡು ತಿಂದವನು. ಹಿಂದಿನ ಯುದ್ಧದಲ್ಲಿ ತೂಬು ತೆರೆದು ಸಮುದ್ರದ ನೀರನ್ನು ಹೊಲಗಳಿಗೆ ಬಿಟ್ಟು ವೈರಿಯನ್ನು ತಡೆದ ಪಡೆಯಲ್ಲಿದ್ದವನು. ಕೆರೆಯ ದಂಡೆಯಲ್ಲಿ ಹುಟ್ಟಿದ ಉಣಕಲ್ಲಿನವರಿಗೆ ಈ ಅಧ್ಯಾಯ ಬಹಳ ಹಿಡಿಸಿತು.

"ತೂಬಿನ ಕೀಲಿ ಯಾರ ಕಡೆ ಇತ್ರಿ ಕಾಕಾ?" ಎಂದು ಕೈಬಿಗಿಯ ಅರಳೆ ವ್ಯಾಪಾರಿ ಗುರುಸಿದ್ದಪ್ಪ ಕೇಳಿದ.

"ನಿನ್ನ ಕಡೆ ಇರಲಿಲ್ಲ ನೋಡು, ಅದಕ್ಕ ಲಗೂ ತೆರೀತು."

ಪುರಾಣಕ್ಕೊಂದು ಕಟ್ಟಳೆಯಿದೆ: ಹಚ್ಚಿದ ಮೇಲೆ ನಡುವೆ ಬಿಡುವಂತಿಲ್ಲ, ನಾಯಕ ಗೆದ್ದಲ್ಲಿಯೇ ಮಂಗಳಾರತಿ ಬೆಳಗಿ ಮುಗಿಸಬೇಕು. ಕಾಕಾ ಮರೆತದ್ದು ಇಷ್ಟೇ, ಈ ನಾಯಕನ ಉಳಿದ ಕಥೆ ದಿನವೂ ಪತ್ರಿಕೆಯಲ್ಲಿ ಬರುತ್ತಿತ್ತು. ಹದಿನೆಂಟು ದಿನಕ್ಕೆ ಅಲ್ಲಿಯ ಯುದ್ಧ ಮುಗಿಯಿತು. ಕುರುಕ್ಷೇತ್ರಕ್ಕೂ ಅಷ್ಟೇ ದಿನ ಹಿಡಿದಿತ್ತು. ಆದರೆ ಇಲ್ಲಿ ನಮ್ಮವರು ಸೋತಿದ್ದರು. ಬೆಲ್ಜಿಯಂ ಸೈನ್ಯವೆಲ್ಲ ಶಸ್ತ್ರ ಕೆಳಗಿಟ್ಟಿತ್ತು.

ನಾನು ವಿದ್ವತ್ಪೂರ್ಣ ಸಲಹೆ ಕೊಟ್ಟೆ. "ತೂಬಿನ ಕಥಿಗೇ ಮಂಗಳ ಮಾಡಿಬಿಡ್ರಿ. ಇಲ್ಲಿ ಪೇಪರ್ ಓದಾವರು ಯಾರದಾರ?"

ಕಾಕಾ ನನ್ನನ್ನೇ ನೋಡಿದರು. "ಇಷ್ಟು ವರ್ಷ ಮರೀದ ಕಾರ್ಡ ಹಾಕ್ಯಾರಪಾ. ಅವರ ಸೋಲು ನಾ ಮುಚ್ಚಿಟ್ರ, ಗೆಲುವು ಹೇಳಿದ್ದರ ಖರೇ ಅಂತ ಯಾರು ನಂಬತಾರ?"

ಆ ಸಂಜೆ ಇದ್ದದ್ದನ್ನು ಇದ್ದಂತೆ ಹೇಳಿದರು. ಇನ್ನೂ ಕಾದಾಡಿದ್ದರೆ ಸಿಪಾಯಿಗಳು ಉಳಿಯುತ್ತಿರಲಿಲ್ಲವೆಂದೂ, ಜನರಲ್ ಸಾಹೇಬರು ಈಗ ಸೆರೆಯಲ್ಲಿರಬಹುದೆಂದೂ ಹೇಳಿ ಮುಗಿಸಿದರು. ಆರತಿಯ ತಟ್ಟೆ ಮುಂದಿತ್ತು. ಅವರ ಕೈ ಅದರ ಕಡೆಗೆ ಹೋಗಲಿಲ್ಲ.

"ಸೋತವಗ ಎಂಥಾ ಆರತಿ ಬಿಡ್ರಿ," ಎಂದ ಗುರುಸಿದ್ದಪ್ಪ.

ಕಟ್ಟೆಯ ಕೆಳಗೆ ಹುಸೇನಬಿ ದಿನವೂ ಬಂದು ಕೂಡುತ್ತಿದ್ದಳು. ಮೋಟಾರು ರಿಪೇರಿ ಮಾಡುತ್ತಿದ್ದ ಅವಳ ಒಬ್ಬನೇ ಮಗ ಫೌಜಿಗೆ ಸೇರಿದ್ದ. ನಾಲ್ಕು ತಿಂಗಳಿಂದ ಕಾಗದವಿರಲಿಲ್ಲ. ಅವಳು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಹುಡುಗರು ಜೀವಂತ ಅದಾವಲ್ರಿ ಕಾಕಾ?"

"ಭಾಳ ಮಂದಿ ಅದಾರವ್ವಾ."

"ಹಂಗಾರ ಹಚ್ಚರಿ. ನನ್ನ ಮಗನ ಸಾಹೇಬನೂ ಇಂಥಾವನ ಇರ್ಲಿ."

ಗುರುಸಿದ್ದಪ್ಪನೇ ಕಡ್ಡಿಪೆಟ್ಟಿಗೆ ತೆಗೆದ. ಗಾಳಿಗೆ ಎರಡು ಕಡ್ಡಿ ಆರಿದವು, ಮೂರನೆಯದು ಹತ್ತಿತು. ಸೋತ ಸೇನಾಪತಿಯೊಬ್ಬನಿಗೆ ಮಂಗಳಾರತಿ ಬೆಳಗಿದ ಊರು ಬೇರೊಂದಿದೆಯೋ ಇಲ್ಲವೋ, ನಾನರಿಯೆ.

ಮರುವರ್ಷದಿಂದ ಕಾರ್ಡು ಬರಲಿಲ್ಲ. ಹುಸೇನಬಿಯ ಮಗ ಬಂದ, ಒಂದು ಕಿವಿ ಮಂದಾಗಿ.

ನಾನು ಮಾತ್ರ ಮೂವತ್ತು ವರ್ಷ ಗೆದ್ದವರ ಹೆಸರನ್ನೇ ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ಇದೀಗ ಮೊಮ್ಮಗಳು ಪುಸ್ತಕ ಹಿಡಿದು ಬಂದು, "ಅಜ್ಜಾ, ಈ ಯುದ್ಧದಾಗ ಯಾರು ಗೆದ್ರು?" ಎಂದಳು.

"ಅದಿರ್ಲಿ. ಮನಿಗೆ ಎಷ್ಟು ಮಂದಿ ಬಂದ್ರು ಅಂತ ಬರದಾರೇನು ನೋಡು."

ಪುಟ ತಿರುವಿದಳು, ಮತ್ತೆ ತಿರುವಿದಳು. ಇನ್ನೂ ಹುಡುಕುತ್ತಿದ್ದಾಳೆ.