ಡಬ್ಬದೊಳಗಿನ ಬಾವಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೊಡಿಗೇನಹಳ್ಳಿ ಕಡೆಯ ಒಂದು ಊರಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಒಂದು ವರ್ಷ ಬೇಸಿಗೆ ಶುರುವಾಗುತ್ತಲೇ ಊರ ಸೇದುವ ಬಾವಿ ಬತ್ತಿಹೋಯಿತು. ಯಾಕೆ ಬತ್ತಿತು ಎಂದು ಏಳನೇ ತರಗತಿಯ ಮಕ್ಕಳು ಕೇಳಿದರು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ನೋಡೋಣ ಎಂದೆ.

ಸೀಮೆಎಣ್ಣೆ ಡಬ್ಬದ ಒಂದು ಬದಿ ಕತ್ತರಿಸಿ, ಗಾಜು ಕೂರಿಸಿ, ಸಂದಿಗೆ ಡಾಂಬರು ಮೆತ್ತಿದೆವು. ಒಳಗೆ ಹಳ್ಳದ ಮರಳು ತುಂಬಿ ನೀರು ಹೊಯ್ದೆವು. ತೂತು ಕೊರೆದ ಗಿಡ್ಡ ಕೊಳವೆಯೇ ಬಾವಿ. ಪಕ್ಕದಲ್ಲಿ ತಳದವರೆಗೆ ಇಳಿಬಿಟ್ಟ ಸಣ್ಣ ನಳಿಗೆಯೇ ಬೋರು. ಅದರ ತುದಿಗೆ ಆಸ್ಪತ್ರೆಯವರು ಬಿಸಾಡಿದ್ದ ಸಿರಿಂಜು. ಸಿರಿಂಜು ಎಳೆದಂತೆಲ್ಲ ಬಾವಿಯ ನೀರು ಇಳಿಯುತ್ತಿತ್ತು. ಮೇಲಿಂದ ನೀರು ಚಿಮುಕಿಸಿ, ಮರಳಲ್ಲಿ ಪುಟ್ಟ ಒಡ್ಡು ಕಟ್ಟಿ ನಿಲ್ಲಿಸಿದರೆ ನಿಧಾನವಾಗಿ ಏರುತ್ತಿತ್ತು. ಇದನ್ನೆಲ್ಲ ಮುಂದೆ ನಿಂತು ಮಾಡಿಸಿದವಳು ಕುರಿ ಸಾಕುವ ಮನೆಯ ಒಬ್ಬ ಹುಡುಗಿ. ಒಮ್ಮೆ ಕಂಡದ್ದನ್ನು ಹತ್ತು ಸಲ ಪರೀಕ್ಷಿಸದೆ ನಂಬುತ್ತಿರಲಿಲ್ಲ.

ಶಾಲೆಯ ವಸ್ತುಪ್ರದರ್ಶನಕ್ಕೆ ಶಾಲಾ ಸಮಿತಿಯ ಅಧ್ಯಕ್ಷರು ಬಂದರು. ಊರಲ್ಲಿ ಮೊದಲು ಬೋರು ಕೊರೆಸಿದವರು ಅವರೇ. ಬಾವಿ ಬತ್ತಿದ ಮೇಲೆ ಊರವರು ನೀರು ಹಿಡಿಯುತ್ತಿದ್ದುದು ಅವರ ತೋಟದ ತೊಟ್ಟಿಯಲ್ಲಿ. ಇದೇನು ಎಂದು ಅವರು ಬಗ್ಗಿ ಕೇಳಿದರು.

“ಇದು ನಮ್ಮೂರ ಬಾವಿ, ಯಜಮಾನ್ರೇ. ಇದು ನಿಮ್ ಬೋರು,” ಎಂದಳು ಹುಡುಗಿ. “ನೀವು ಎಳ್ದಂಗೆಲ್ಲ ಇಲ್ಲಿ ಇಳೀತದೆ, ನೋಡಿ.”

ನಾನು ‘ಒಂದು ಬೋರು’ ಎಂದಷ್ಟೇ ಹೇಳಿಕೊಟ್ಟಿದ್ದೆ. ‘ನಿಮ್’ ಎಂಬುದು ಅವಳೇ ಕಂಡುಕೊಂಡದ್ದು. ಹೆಡ್‌ಮಾಸ್ಟರ ಮುಖ ಬಿಳುಚಿತು. ಅಧ್ಯಕ್ಷರು ನಕ್ಕು, ಬುದ್ಧಿವಂತೆ ಎಂದು ಅವಳ ತಲೆ ಸವರಿ ಮುಂದಕ್ಕೆ ಹೋದರು.

ಮರುದಿನ ಅವಳ ತಾಯಿ ಬಿಂದಿಗೆ ಹಿಡಿದು ಹೋದಾಗ ತೋಟದ ಆಳು ಅಡ್ಡ ನಿಂತನಂತೆ. ನಮ್ಮ ಬೋರಿನಿಂದಲೇ ಬಾವಿ ಬತ್ತಿತು ಅಂತೀರಲ್ಲ, ಹೋಗಿ ಬಾವಿಯಲ್ಲೇ ಸೇದಿಕೊಳ್ಳಿ ಎಂದನಂತೆ. ಅಂದಿನಿಂದ ಗುಡ್ಡದಾಚೆಯ ಒರತೆಯೇ ಆ ಮನೆಗೆ ಗತಿಯಾಯಿತು. ತಾಯಿ ಕೂಲಿಗೆ ಹೋಗಬೇಕು. ನೀರು ಹೊರುವ ಕೆಲಸ ಮಗಳಿಗೆ ಬಿತ್ತು. ಅವಳು ಶಾಲೆ ಬಿಟ್ಟಳು.

ನಾನು ಅಧ್ಯಕ್ಷರ ಮನೆಗೆ ಹೋದೆ. ಕಾಫಿ ಕೊಟ್ಟರು. ಆಳು ಮಾಡಿದ್ದು ತಮಗೆ ಗೊತ್ತೇ ಇಲ್ಲ, ವಿಚಾರಿಸುತ್ತೇನೆ ಎಂದರು. ವಿಚಾರಿಸಲಿಲ್ಲ. ಹುಡುಗಿಯ ಮನೆಗೂ ಹೋದೆ. ತಾಯಿ ಬೈಯಲಿಲ್ಲ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನೀವು ಚೆಂದಾಗೇ ಹೇಳ್ಕೊಟ್ರಿ ಸಾ, ಅವಳೂ ಕಲ್ತ್ಕಂಡ್ಬುಟ್ಳು,” ಎಂದರು. “ಈಗ ಇಸ್ಕೂಲಿಗೆ ಕಳ್ಸಿದ್ರೆ ನೀರು ಯಾರು ತರ್ತಾರೆ?”



ಪರೀಕ್ಷೆ ಮುಗಿಯುವ ಮೊದಲೇ ನನಗೆ ಪಾವಗಡದ ಆಚೆಗೆ ವರ್ಗವಾಯಿತು. ಬೀಳ್ಕೊಡುಗೆಗೂ ಅದೇ ಅಧ್ಯಕ್ಷರು. ಹಾರ ಹಾಕಿ, ಇಂಥ ಮೇಷ್ಟ್ರು ಸಿಗುವುದು ಅಪರೂಪ, ಮಕ್ಕಳಿಗೆ ನೀರಿನ ಬೆಲೆ ಕೈಯಾರೆ ಕಲಿಸಿದರು ಎಂದು ಬಹಳ ಹೊತ್ತು ಹೊಗಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಎದ್ದು ನಿಂತು ಅವರಿಗೆ ಕೈಮುಗಿದೆ.