ಫಾರಿನ್ ಮೇಡಂ ಜೊತೆ ಮಳವಳ್ಳಿಗೆ

ಬೆಂಗಳೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದಾಗ ನನ್ನ ಜೊತೆ ನೀನಾ ಕಾರ್ಟರ್ ಇದ್ದಳು. ಜೂನ್ ಮೊದಲ ವಾರ. ಮೋಡ ಕವಿದಿತ್ತೇ ಹೊರತು ಮಳೆಯ ಸುಳಿವಿರಲಿಲ್ಲ. ಮದ್ದೂರಿಗೆ ಟಿಕೆಟ್ಟು ತಲೆಗೆ ಇಪ್ಪತ್ತು ರೂಪಾಯಿ. ಅಲ್ಲಿಂದ ಬಸ್ಸಿನಲ್ಲಿ ಮಳವಳ್ಳಿಗೆ ಹೋಗಿ, ಒಂದು ಕಾನ್ವೆಂಟಿನಲ್ಲಿ ಅವಳನ್ನು ಇಂಗ್ಲಿಷ್ ಟೀಚರ್ ಕೆಲಸಕ್ಕೆ ಸೇರಿಸಿ ಬರುವುದು ನನ್ನ ಜವಾಬ್ದಾರಿಯಾಗಿತ್ತು.

ನೀನಾ ನಮ್ಮ ಮನೆಯ ಮಹಡಿಯಲ್ಲಿ ನಾಲ್ಕು ತಿಂಗಳಿಂದ ಬಾಡಿಗೆಗಿದ್ದಳು. ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ. ತಾತನ ಕಾಲದಲ್ಲಿ ಗುಜರಾತ್ ಬಿಟ್ಟು ಆಫ್ರಿಕಕ್ಕೆ, ಅಲ್ಲಿಂದ ಇಂಗ್ಲೆಂಡಿಗೆ ಹೋದ ಮನೆತನ. ಕಾರ್ಟರ್ ಎಂಬುದು ಗಂಡನ ಕಡೆಯ ಹೆಸರು. ಗಂಡನನ್ನು ಬಿಟ್ಟಿದ್ದಳು, ಹೆಸರನ್ನು ಬಿಟ್ಟಿರಲಿಲ್ಲ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಾರದು. ಇಲ್ಲಿ ದುಡಿಯಲು ಬೇಕಾದ ಕಾಗದಪತ್ರಗಳೆಲ್ಲ ಸರಿಯಿದ್ದವು, ಕೆಲಸ ಮಾತ್ರ ಇರಲಿಲ್ಲ. ಇದೂ ಕೈತಪ್ಪಿದರೆ ಮುಂದಿನ ವಾರದ ವಿಮಾನಕ್ಕೆ ಹೊರಡುವುದೆಂದು ತೀರ್ಮಾನಿಸಿದ್ದಳು.

ಮಳವಳ್ಳಿಯ ಕಾನ್ವೆಂಟ್ ನಡೆಸುವ ಪುಟ್ಟಸ್ವಾಮಿ, ನಾನು ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ನನ್ನ ವಿದ್ಯಾರ್ಥಿ. ಅವನಿಗೊಬ್ಬ ಫಾರಿನ್ ಟೀಚರ್ ಬೇಕಾಗಿತ್ತು, ನಾನು ನೀನಾಳ ಹೆಸರು ಹೇಳಿದೆ. ಎರಡು ಸಲ ಫೋನಿನಲ್ಲಿ ಅವಳ ಮಾತು ಕೇಳಿ ಹಿಗ್ಗಿಹೋಗಿದ್ದ. ಸಂಬಳ ಗೊತ್ತುಮಾಡಿ, ಶಾಲೆಯ ಮೇಲಿನ ಕೋಣೆಗೆ ಸುಣ್ಣವನ್ನೂ ಹೊಡೆಸಿದ್ದ. ಫೋಟೋ ಕೇಳಲಿಲ್ಲ, ನಾನೂ ಕಳಿಸಲಿಲ್ಲ.

ರೈಲಿನಲ್ಲಿ ನೀನಾ ತನ್ನ ಹಳೆಯ ಕಥೆ ಹೇಳಿದಳು. ಕೊರಿಯಾದ ಒಂದು ಶಾಲೆಗೆ ಅರ್ಜಿ ಹಾಕಿದ್ದಳಂತೆ. ಫೋನಿನಲ್ಲಿ ಮೆಚ್ಚಿದವರು ಫೋಟೋ ನೋಡಿದ ಮೇಲೆ ಉತ್ತರವನ್ನೇ ಬರೆಯಲಿಲ್ಲ. ಇನ್ನೊಂದು ಕಡೆ ಬಾಯಿಬಿಟ್ಟೇ ಹೇಳಿದರಂತೆ, ನಮ್ಮ ಪೋಷಕರು ಬಿಳಿಯರನ್ನೇ ಕೇಳುತ್ತಾರೆ ಎಂದು. ಅದಕ್ಕೇ ಇಂಡಿಯಾಕ್ಕೆ ಬಂದಳಂತೆ. "ಇಲ್ಲಾದರೂ ನನ್ನ ಮುಖ ಅಡ್ಡ ಬರುವುದಿಲ್ಲವಲ್ಲ" ಎಂದಳು. ನಾನು ಕಿಟಕಿಯ ಕಡೆ ತಿರುಗಿ, ಕಬ್ಬಿನ ಗದ್ದೆ ತೋರಿಸಿ ಮಾತು ಬದಲಿಸಿದೆ.

ಮದ್ದೂರಿನಲ್ಲಿ ಇಡ್ಲಿ ತಿಂದು ಸರ್ಕಾರಿ ಬಸ್ಸು ಹತ್ತಿದೆವು. ಮಳವಳ್ಳಿ ಅಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು, ಮುಕ್ಕಾಲು ಗಂಟೆಯ ದಾರಿ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ತೋರಿಸಿದರೆ ಸಾಕು. ನಾನು ತೋರಿಸಿದೆ. ಕಂಡಕ್ಟರ್ ನೀನಾಳನ್ನು ಎರಡು ಸಲ ಕೇಳಿದ, ಅವಳು ಸುಮ್ಮನೆ ನಕ್ಕಳು. ಆಮೇಲೆ ನೋಟು ಚಾಚಿ ಟಿಕೆಟ್ ಕೇಳಿದ್ದು ಇಂಗ್ಲಿಷಿನಲ್ಲಿ. ಆತ ಚಿಲ್ಲರೆ ಎಣಿಸುತ್ತ ಮುಂದಿನ ಸೀಟಿನ ಅಜ್ಜಿಗೆ ಹೇಳಿದ: "ನಾಕಕ್ಸರ ಕಲ್ತೋರೆಲ್ಲಾ ಇಂಗೇ ಕಣಜ್ಜಿ. ಕನ್ನಡ ಬಂದ್ರೂ ಬಾಯ್ ಬುಡಾಕಿಲ್ಲ." ಅಜ್ಜಿ ನೀನಾಳನ್ನು ಮೇಲಿಂದ ಕೆಳಗೆ ನೋಡಿ ಹೌದೆಂಬಂತೆ ತಲೆಯಾಡಿಸಿದಳು. ಏನೆಂದರೆಂದು ನೀನಾ ಕೇಳಿದಳು. ನಿನ್ನನ್ನು ನಮ್ಮವಳೆಂದೇ ತಿಳಿದಿದ್ದಾರೆ ಅಂದೆ. ಅವಳಿಗೆ ಖುಷಿಯಾಯಿತು.

ಶಾಲೆಯ ಗೇಟಿನಲ್ಲಿ ಭರ್ಜರಿ ಸ್ವಾಗತ ಕಾದಿತ್ತು. ಬ್ಯಾನರು, ಸುಗಂಧರಾಜದ ಹಾರ, ಸಾಲಾಗಿ ನಿಂತ ಮಕ್ಕಳು, ಹತ್ತಿಪ್ಪತ್ತು ಜನ ಅಪ್ಪ ಅಮ್ಮಂದಿರು. ಬ್ಯಾನರಿನಲ್ಲಿ ಯಾರೋ ಚಿನ್ನದ ಕೂದಲಿನ ಹೆಂಗಸು ಹಲ್ಲು ಬಿಟ್ಟು ನಗುತ್ತಿದ್ದಳು. ನೀನಾ ಮುಂದೆ ಹೆಜ್ಜೆಯಿಟ್ಟಳು. ಆರತಿ ತಟ್ಟೆ ಹಿಡಿದಿದ್ದ ತಾಯಿಯೊಬ್ಬಳು ಅವಳ ತೋಳು ಮುಟ್ಟಿ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ವಸಿ ಆ ಕಡೀಕ್ ನಿಂತ್ಕಳವ್ವ, ಫಾರಿನ್ ಮೇಡಮ್ಮೋರು ಬತ್ತಾವ್ರೆ."

ಎಲ್ಲರ ಕಣ್ಣೂ ನಮ್ಮ ಬೆನ್ನ ಹಿಂದಿನ ರಸ್ತೆಯ ಮೇಲಿತ್ತು. ರಸ್ತೆಯಲ್ಲಿ ಒಂದು ಹಾಲಿನ ವ್ಯಾನು ಬಿಟ್ಟರೆ ಏನೂ ಇರಲಿಲ್ಲ. ಪುಟ್ಟಸ್ವಾಮಿ ಹತ್ತಿರ ಬಂದು, ಎಲ್ಲಿ ಮೇಡಂ ಅವರು ಎಂದ. ನಾನು ನೀನಾಳ ಕಡೆ ಕೈ ತೋರಿಸಿದೆ. ಅವನ ಮುಖ ಹುಳ್ಳಗಾಯಿತು. ಸಂಭಾವಿತ, ಹಾರ ಹಾಕಿದ. ಚಪ್ಪಾಳೆ ಮಾತ್ರ ಮಕ್ಕಳಿಂದಷ್ಟೇ ಬಂತು.

ಏಳನೇ ತರಗತಿಗೆ ಅರ್ಧ ಗಂಟೆ ಪಾಠ ಮಾಡಿದಳು. ಜೇಬಿನಲ್ಲಿ, ಬ್ಯಾಗಿನಲ್ಲಿ ಏನಿದೆಯೆಂದು ಮಕ್ಕಳಿಂದಲೇ ಇಂಗ್ಲಿಷಿನಲ್ಲಿ ಹೇಳಿಸುತ್ತ ಹೋದಳು. ಮೊದಲು ನಾಚಿದವರು ಆಮೇಲೆ ಬೆಂಚಿನ ಮೇಲೆ ಹತ್ತಿ ನಿಂತು ಕೂಗತೊಡಗಿದರು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು ಅಂಥ ತರಗತಿಯನ್ನು ಹೆಚ್ಚು ಕಂಡಿಲ್ಲ, ನಡೆಸಿದ್ದಂತೂ ಇಲ್ಲವೇ ಇಲ್ಲ. ಒಬ್ಬ ಹುಡುಗಿ ಎದ್ದು, ಸೋಮನಹಳ್ಳಿಯಲ್ಲಿರುವ ನಮ್ಮ ಅತ್ತೆ ಥೇಟ್ ನಿಮ್ಮ ಹಾಗೇ ಇದ್ದಾಳೆ ಎಂದು ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದಳು. ನೀನಾ ನಕ್ಕಳು. ಕಿಟಕಿಯಾಚೆ ನಿಂತಿದ್ದ ಪೋಷಕರು ನಗಲಿಲ್ಲ.

ಊಟಕ್ಕೆ ಮುದ್ದೆ, ನಾಟಿಕೋಳಿ ಸಾರು. ಫಾರಿನ್ ಮೇಡಂಗೆಂದು ಮಂಡ್ಯದಿಂದ ತರಿಸಿದ್ದ ಬ್ರೆಡ್ಡು, ಜಾಮು, ಫೋರ್ಕು ಕಪಾಟಿನಲ್ಲೇ ಉಳಿದವು. ಯಾರಿಗೂ ಅದನ್ನು ಅವಳ ಮುಂದಿಡಬೇಕೆಂದು ತೋಚಲಿಲ್ಲ. ಅವಳು ಮುದ್ದೆಯನ್ನು ಅಗಿದು ಅಗಿದು ಸುಸ್ತಾದಳು. ನುಂಗಬೇಕೆಂದು ನಾನು ಹೇಳಿಕೊಟ್ಟೆ.

ಊಟವಾದ ಮೇಲೆ ಪುಟ್ಟಸ್ವಾಮಿ ನಮ್ಮಿಬ್ಬರನ್ನೂ ಆಫೀಸಿನಲ್ಲಿ ಕೂರಿಸಿ ಬಾಗಿಲು ಹಾಕಿದ. ನಮ್ಮ ಮಂಡ್ಯದ ಕಡೆಯವರು ಏನಿದ್ದರೂ ಕಡ್ಡಿ ಮುರಿದ ಹಾಗೆ ಹೇಳುವವರು. ನನ್ನ ಕಡೆ ತಿರುಗಿ ಕನ್ನಡದಲ್ಲೇ ಶುರುಮಾಡಿದ.

"ತಪ್ ತಿಳ್ಕಬ್ಯಾಡಿ ಮೇಡಂ. ಪಾಠ ಪಸ್ಟ್‌ಕ್ಲಾಸು, ಅದ್ರಲ್ಲಿ ಮಾತೇ ಇಲ್ಲ. ಆದ್ರೆ ನೋಡಾಕೆ ನಮ್ಮೋರಂಗೇ ಅವ್ರೆ. ಫಾರಿನ್ ಟೀಚರ್ ಅಂತ ಏಳಿ ಪೀಜು ಜಾಸ್ತಿ ಮಾಡ್ಬುಟ್ಟಿವ್ನಿ. ಈ ಮೊಕ ತೋರ್ಸುದ್ರೆ ಯಾರ್ ನಂಬ್ತಾರೆ?" ಮೊಕ ಎನ್ನುವಾಗ ತನ್ನ ಮುಖದ ಸುತ್ತ ಬೆರಳು ಸುತ್ತಿಸಿದ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇಲ್ಲಿ ಏಳು ಸಮುದ್ರದಾಚೆಯಿಂದ ಬಂದ ಮದ್ದು ಹಿತ್ತಲ ಗಿಡದ ಹಾಗೆ ಕಂಡದ್ದೇ ತಪ್ಪಾಗಿತ್ತು. ನಾನು ನೀನಾಳ ಕಡೆ ತಿರುಗಿ, ಯೋಚನೆ ಮಾಡಿ ತಿಳಿಸುತ್ತಾರಂತೆ ಎಂದೆ. ಅವಳು ಹಾರವನ್ನು ಮಡಚಿ ಮೇಜಿನ ಮೇಲಿಟ್ಟು ಎದ್ದಳು.

ಮದ್ದೂರಿನ ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ. ಮೊದಲು ಬಂದ ಮಂಡ್ಯದ ಬಸ್ಸು ಹತ್ತಿದೆವು. ಅದು ಒಂದು ಗಂಟೆಗೂ ಮಿಕ್ಕಿದ ದಾರಿ. ಮಂಡ್ಯ ಸ್ಟೇಷನ್ನಿನಲ್ಲಿ ಟೀ ಕುಡಿದು ಸಂಜೆಯ ರೈಲಿನಲ್ಲಿ ಎದುರುಬದುರು ಕೂತ ಮೇಲೆ ನೀನಾ ಕೇಳಿದಳು.

"ಅವರು ಮುಖದ ಸುತ್ತ ಬೆರಳು ಸುತ್ತಿಸಿದರಲ್ಲ, ಅದು ನನಗೆ ಗೊತ್ತಿರುವ ಭಾಷೆ. ನಾನು ನೋಡಲು ಹೀಗಿದ್ದೇನೆಂದು ನೀವು ಮೊದಲೇ ಯಾಕೆ ತಿಳಿಸಲಿಲ್ಲ?"

ಸುಳ್ಳು ಹೇಳಬಹುದಿತ್ತು. "ತಿಳಿಸಿದ್ದರೆ ಅವನು ಬೇಡ ಅನ್ನುತ್ತಿದ್ದ" ಎಂದೆ.

"ಅಂದರೆ ನಿಮಗೆ ಗೊತ್ತಿತ್ತು."

ಗೊತ್ತಿತ್ತು. ಕಣ್ಣಾರೆ ಪಾಠ ನೋಡಿದರೆ ಒಪ್ಪಿಯಾನು ಎಂಬ ಆಸೆಯಲ್ಲಿ ಅವಳನ್ನು ಆ ಗೇಟಿನವರೆಗೆ ನಡೆಸಿಕೊಂಡು ಹೋಗಿದ್ದೆ. ತಪ್ಪಾಯಿತು ಎಂದೆ. ಅಷ್ಟು ಹೊತ್ತು ನಾಚಿಕೆಯಿಂದ ನಾನು ಯಾವ ರೈಲಿನಲ್ಲೂ ತಲೆ ತಗ್ಗಿಸಿ ಕೂತವಳಲ್ಲ.

ಹನಕೆರೆ ದಾಟಿದ ಮೇಲೆ ಪುಟ್ಟಸ್ವಾಮಿಯ ಫೋನ್ ಬಂತು. ಮೈಸೂರಿಗೆ ಯೋಗ ಕಲಿಯಲು ಬಂದ ಒಬ್ಬ ವಿದೇಶಿ ಹೆಂಗಸು ಸಿಕ್ಕಿದ್ದಾಳೆಂದ. "ಬೆಳ್ಳಗವ್ರೆ ಮೇಡಂ, ಕೂದ್ಲು ಜೋಳದ್ ಕೂದ್ಲಂಗದೆ. ಆದ್ರೆ ಅವ್ರ ದೇಸದಲ್ಲಿ ಇಂಗ್ಲಿಷ್ ಇಲ್ವಂತೆ, ಮಾತು ತಡವರಿಸ್ತದೆ. ನಿಮ್ಮ ನೀನಾ ಮೇಡಮ್ಮೋರು ಎಲ್ಡು ತಿಂಗ್ಳು ಬಂದು ಅವ್ರಿಗೆ ಏಳ್ಕೊಟ್ಟಾರ?"

ಈ ಸಲ ಒಂದಕ್ಷರ ಬಿಡದೆ ನೀನಾಳಿಗೆ ಹೇಳಿದೆ, ಜೋಳದ ಕೂದಲನ್ನೂ ಸೇರಿಸಿ. ಅವಳೆಂದಳು: "ಕಲಿಸುತ್ತೇನೆಂದು ಹೇಳಿ. ಆದರೆ ಏಳನೇ ತರಗತಿಯಲ್ಲೇ, ಮಕ್ಕಳ ಜೊತೆಯಲ್ಲೇ. ಆಕೆ ಮೊದಲನೇ ಬೆಂಚಿನಲ್ಲಿ ಕೂರಬೇಕು."

ಅದನ್ನೂ ಹಾಗೆಯೇ ದಾಟಿಸಿದೆ.

"ಅಂಗ್ ಮಾಡುದ್ರೆ ಪೇರೆಂಟ್ಸ್‌ಗೆ ಗೊತ್ತಾಗೋಯ್ತದಲ್ಲ ಮೇಡಂ" ಎಂದ.

"ಏನು ಗೊತ್ತಾಗುತ್ತದೆ ಪುಟ್ಟಸ್ವಾಮಿ?" ಎಂದು ಕೇಳಿದೆ.

ಅವನು ಫೋನ್ ಇಟ್ಟುಬಿಟ್ಟ, ಮತ್ತೆ ಮಾಡಲಿಲ್ಲ. ಮುಂದಿನ ವಾರ ನೀನಾ ಲೆಸ್ಟರಿಗೆ ಹೊರಟುಹೋದಳು.