ನೀಲವ್ವ, ಎಮ್ಮೆ ಮತ್ತು ಎರಡು ಪ್ರಿಂಟು

1988ರಲ್ಲಿ ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಶಾಲೆಗೇನೂ ತೊಂದರೆಯಾಗಲಿಲ್ಲ. ದಾಂಡೇಲಿಯ ಸ್ಟುಡಿಯೋ ಒಂದರ ಡಾರ್ಕ್‌ರೂಮಿನಲ್ಲಿ, ಕೆಂಪು ದೀಪದ ಕೆಳಗೆ ಫೋಟೋ ತೊಳೆಯಲು ನಿಂತೆ. ಇಂದಿಗೂ ಒಳ್ಳೆಯ ಕಪ್ಪು-ಬಿಳುಪು ಪ್ರಿಂಟು ಬೇಕೆಂದರೆ ಧಾರವಾಡದವರೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಜಂಬ ಅಂದರೆ ಜಂಬ.

ನಿನ್ನೆ ಆ ಕೋಣೆಯ ಹಳೆಯ ಟ್ರಂಕು ತೆರೆಯಬೇಕಾಯಿತು. ಫೋಟೋ ತೊಳೆಯುವ ಹೈಪೋ ದ್ರಾವಣದ ವಾಸನೆ ಮೂಗಿಗೆ ಬಡಿಯಿತು. ವಾಸನೆ ಟ್ರೇಗಳದು, ತಪ್ಪು ತಿಳಿಯಬೇಡಿ. ನಾನು ತೊಳೆದ ಪ್ರಿಂಟಿಗೆ ವಾಸನೆ ಇರುವುದಿಲ್ಲ. ಟ್ರಂಕಿನ ತಳದಲ್ಲಿದ್ದವಳು ಸಾಂಬ್ರಾಣಿ ಎಂಬ ಹಳ್ಳಿಯ ನೀಲವ್ವ.

ಅವಳ ಫೋಟೋ ತೆಗೆದವರನ್ನು ನಾವೆಲ್ಲ ಬರೀ ‘ಸರ್’ ಅನ್ನುತ್ತಿದ್ದೆವು. ಮದುವೆ, ನಾಮಕರಣ ಅವರು ಮುಟ್ಟಿದವರಲ್ಲ. ಜೋಯಿಡಾದಿಂದ ಮಳಗಿಯವರೆಗೆ ಮೋಟಾರ್ ಸೈಕಲ್ಲಿನಲ್ಲಿ ತಿರುಗಿ ದುಡಿಯುವ ಜನರ ಫೋಟೋ ತೆಗೆಯುತ್ತಿದ್ದರು, ಜೀವಮಾನವೆಲ್ಲ ಅದೇ. ಆ ಜನ ಫೋಟೋಗೆಂದು ಕೆಲಸ ನಿಲ್ಲಿಸಿದರೆ ಮಾತ್ರ ಸರ್ ಸಿಟ್ಟಿಗೇಳುತ್ತಿದ್ದರು. ದಾಂಡೇಲಿಯ ಬಂಗೂರನಗರದಲ್ಲಿ ಅವರ ಮೊದಲ ಪ್ರದರ್ಶನ. ನಡುಗೋಡೆಗೆ ನೀಲವ್ವನ ಚಿತ್ರವೆಂದು ಗೊತ್ತುಮಾಡಿದ್ದರು. ಮುಖ ಬಿಟ್ಟು ಉಳಿದದ್ದೆಲ್ಲ ತೆಗೆ ಎಂದರು. ತೆಗೆದೆ. ಒಂದೊಂದು ಸುಕ್ಕೂ ಬೇರೆಯಾಗಿ ಕಾಣುವಂತೆ ಪ್ರಿಂಟು ಹಾಕಿದೆ. ಅಂಥದ್ದನ್ನು ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಅಜ್ಜಿಗೆ ಖುಷಿಯಾಗಲೆಂದು ಕರಿ ಚೌಕಟ್ಟು, ಗಾಜು ಹಾಕಿಸಿ, ಒಪ್ಪಿಗೆ ಕೇಳಲು ಇಬ್ಬರೂ ಸಾಂಬ್ರಾಣಿಗೆ ಹೋದೆವು.

ಸುತ್ತಿದ ಕಾಗದ ಬಿಚ್ಚಿದ ಕೂಡಲೆ ಸೊಸೆ ಸೆರಗು ಬಾಯಿಗಿಟ್ಟುಕೊಂಡಳು. ಮಗ ಕಲ್ಲಪ್ಪ ಕೈಮುಗಿಯಲು ಹೋಗಿ, ಪಕ್ಕದಲ್ಲೇ ಕೂತಿದ್ದ ಅವ್ವನನ್ನು ನೋಡಿ ನಿಂತ. ಒಂಟಿ ಮುಖ, ಕರಿ ಚೌಕಟ್ಟು, ಗಾಜು: ನಮ್ಮ ಕಡೆ ಹಾಗೆ ಗೋಡೆ ಏರುವವರು ತೀರಿಕೊಂಡವರು ಮಾತ್ರ. ನಮಗಿಬ್ಬರಿಗೂ ಅದು ಗೊತ್ತಿತ್ತು. ಕಲೆಯ ಗುಂಗಿನಲ್ಲಿ ನೆನಪಾಗಲಿಲ್ಲ.

“ಯಾಕ್ರೀ ಸಾಹೇಬ್ರ, ನಾ ಯಾವಾಗ ಸತ್ತೆ?” ಎಂದಳು ನೀಲವ್ವ.

“ಇದನ್ನ ಮಂದಿ ಮುಂದ ಹಾಕೂದು ಬ್ಯಾಡ್ರಿ,” ಎಂದ ಕಲ್ಲಪ್ಪ. “ನಾಳೆ ಬೀಗರು ಬಾಯಿ ಬಡಕೊಂತ ಬಂದಾರು.”

ಸರ್ ಮುಖ ಕಪ್ಪಿಟ್ಟಿತು. ಈ ಚಿತ್ರವಿಲ್ಲದೆ ಅವರ ನಡುಗೋಡೆ ಖಾಲಿ. ನನಗೆ ನನ್ನ ಪ್ರಿಂಟಿನ ಚಿಂತೆ. “ಯವ್ವಾ, ಒಂದೊಂದು ಗೆರಿ ಬರಿಸೀನಿ, ನೋಡಬೇ,” ಎಂದೆ.

“ಗೆರಿ ನನ್ನ ಮಾರಿ ಮ್ಯಾಲ ಮೊದಲ ಇದ್ದೂ. ನೀ ಏನ ಬರಿಸಿದಿ? ಅವತ್ತ ನನ್ನ ಬಾಜೂಕ ಎಮ್ಮಿ ಇತ್ತಲ್ಲ, ಅದೆಲ್ಲಿ ಹೋತು?”

ಚಿತ್ರದಿಂದ ಅದನ್ನು ಬಿಟ್ಟಿದ್ದೇವೆ ಎಂದರು ಸರ್.

“ತಿರುಗಿ ತರ್ರಿ ಅದನ್ನ. ಎಮ್ಮಿ ಹಗ್ಗ ಹಿಡದಾಕಿನ್ನ ಸತ್ತಾಳ ಅಂತ ಯಾರೂ ಅನ್ನಂಗಿಲ್ಲ.”

ಎಮ್ಮೆ ಬಂತು, ಹೊಸ ಪ್ರಿಂಟು ನಡುಗೋಡೆ ಏರಿತು. ಪ್ರದರ್ಶನಕ್ಕೆ ನೀಲವ್ವನೂ ಬಂದು, ಎಮ್ಮೆ ಚಲೋ ಬಂದಿದೆ ಎಂದು ಹೇಳಿ, ಆ ಚಿತ್ರವನ್ನು ಮನೆಗೊಯ್ದಳು. ಮುಂದೆ ಸರ್ ಬರೀ ಮುಖ ಮುದ್ರಿಸಲು ಹೇಳಲೇ ಇಲ್ಲ. ಊರು ಬಿಡುವಾಗ ಆ ನೆಗೆಟಿವ್ ನನ್ನ ಕೈಗಿಟ್ಟರು. ಮೊದಲ ಪ್ರಿಂಟು ಟ್ರಂಕು ಸೇರಿತ್ತು. ಆಗೀಗ ತೆಗೆದು, ಒಬ್ಬನೇ ಮೆಚ್ಚಿಕೊಂಡು, ಮತ್ತೆ ಇಡುತ್ತಿದ್ದೆ.

ನಿನ್ನೆ ಕಲ್ಲಪ್ಪ ಬಂದ. ಕಂಕುಳಲ್ಲಿ ಎಮ್ಮೆಯ ಫೋಟೋ.

“ಅವ್ವ ಹೋದ್ಲರಿ,” ಎಂದ. ಫೋಟೋ ನನ್ನ ಮುಂದಿಟ್ಟು, “ಈಗ ಎಮ್ಮಿ ತಗೀರಿ.”

ತೆಗೆಯುವ ಕೆಲಸ ಬೀಳಲಿಲ್ಲ. ಟ್ರಂಕು ತೆರೆದು, ಮೊದಲ ಪ್ರಿಂಟಿನ ಗಾಜು ಒರೆಸಿ ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. “ಒಂದೊಂದು ಗೆರಿ ಬಂದಾವ್ರಿ,” ಎಂದ. ಇಷ್ಟು ವರ್ಷ ಕಾದಿದ್ದ ಮಾತು. ಕೇಳಿದಾಗ ಸುಖವಾಗಲಿಲ್ಲ.

ಎರಡೂ ಚಿತ್ರಗಳನ್ನು ಅವನೇ ಒಯ್ದ. ಈಗ ನನ್ನ ಹತ್ತಿರ ಎನ್‌ಲಾರ್ಜರ್ ಒಂದು, ಟ್ರೇ ಮೂರು, ಕೆಂಪು ದೀಪ ಒಂದು, ನೆಗೆಟಿವ್ ಒಂದು. ನೆಗೆಟಿವಿನಲ್ಲಿ ಅಜ್ಜಿ ಒಬ್ಬಳು, ಎಮ್ಮೆ ಒಂದು.